ಉಟ್ಟ ಸೀರೆಯ ಚೀಲ

ಕಳೆದ ಭಾನುವಾರ ತುಮಕೂರಿನ ನಮ್ಮ ಮನೆಯಲ್ಲಿ ತಂಗಿಯ ಮಗುವಿನ ನಾಮಕರಣ ನಡೆಯಿತು. ಅಮ್ಮನ ಹಳೆಯ ಹತ್ತಿ ಸೀರೆಗಳಿಂದ ನಾನು ಹೊಲಿದಿದ್ದ ಚೀಲಗಳಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಹಾಕಿ ಬಂದವರಿಗೆ ತಾಂಬೂಲ ಕೊಡುತ್ತಿದ್ದೆ. ದೊಡ್ಡಮ್ಮ ಚೀಲವನ್ನು ತಿರುಗಿಸಿ ನೋಡಿ, ಅಂಚಿನಿಂದಲೇ ಸೀರೆಯನ್ನು ಗುರುತಿಸಿ, "ಉಟ್ಟು ಬಿಟ್ಟ ಸೀರೇಲಿ ತಾಂಬೂಲ ಕೊಡ್ತಾರೇನೇ?" ಎಂದರು. ಅಮ್ಮ ಮೆಲ್ಲಗೆ, "ಮಗು ಮಲಗಿರೋದೂ ಅಂಥದ್ದೇ ಸೀರೆ ಮೇಲಲ್ವೇನಕ್ಕ?" ಎಂದಾಗ, "ಮಗು ನಮ್ಮದು ಕಣೇ. ತಾಂಬೂಲ ಬಂದೋರಿಗೆ ಕೊಡೋದು" ಎಂಬ ಉತ್ತರ ಬಂತು.

ದೊಡ್ಡಮ್ಮ ಕೆಟ್ಟವರಲ್ಲ, ಬಾಣಂತಿಗೆ ನೀರು ಹಾಕಲು ಮೊದಲು ಓಡಿ ಬಂದವರು ಅವರೇ. ಆದರೂ ಆ ಮಾತು ವಾರವಿಡೀ ನನ್ನನ್ನು ಬಿಡಲಿಲ್ಲ. ಸಮಾರಂಭಗಳಲ್ಲಿ ಈಗ ಸಾಮಾನ್ಯವಾಗಿ ಕೊಡುವ ತೆಳು ಬಣ್ಣದ ಚೀಲಗಳು ನೋಡಲು ಬಟ್ಟೆಯಂತಿದ್ದರೂ ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರಲ್ಲಿ. ಇಷ್ಟು ವರ್ಷಗಳಾದರೂ ಹೊಸದೆಂಬ ಒಂದೇ ಕಾರಣಕ್ಕೆ ಆ ಚೀಲ ಮಂಗಳಕರವೆನಿಸಿ, ಅಮ್ಮನ ಮೈಮೇಲೆ ಮೆತ್ತಗಾದ ಹತ್ತಿ ಮೈಲಿಗೆ ಎನಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಆದರೆ "ಬಂದೋರಿಗೆ ಕೊಡೋದು" ಎಂಬುದರಲ್ಲಿ ತಳ್ಳಿಹಾಕಲಾಗದ ಒಂದು ಎಳೆಯಿದೆ. ನಮ್ಮ ಮನೆಗಳಲ್ಲಿ ಉಟ್ಟ ಬಟ್ಟೆಯನ್ನು ಕೊಡುತ್ತಿದ್ದುದು ಯಾರಿಗೆ? ಮನೆಗೆಲಸದವರಿಗೆ, ತೋಟದ ಆಳುಗಳಿಗೆ. ಸರೀಕರಿಗೆ ಯಾರೂ ಕೊಡುತ್ತಿರಲಿಲ್ಲ. ಕೊಟ್ಟವರು ಮೇಲೆ, ಪಡೆದವರು ಕೆಳಗೆ ಎಂಬ ಲೆಕ್ಕ ಆ ಬಟ್ಟೆಗೆ ಅಂಟಿಕೊಂಡಿತ್ತು. ದೊಡ್ಡಮ್ಮನಿಗೆ ನೋವಾದದ್ದು ಬಹುಶಃ ಅಲ್ಲಿಯೇ. ಹಾಗಿದ್ದರೆ ತಪ್ಪು ಸೀರೆಯದಲ್ಲ, ನಾವು ಅದನ್ನು ಕೊಟ್ಟ ರೀತಿಯದು. ಮೂಲೆಗೆ ಎಸೆದದ್ದನ್ನು ಗಂಟು ಕಟ್ಟಿ ಕೈಗಿಡುವುದೂ, ಕುಳಿತು ಅಳೆದು ಹೊಲಿದು ಕೊಡುವುದೂ ಒಂದೇ ಎಂದು ನಾನು ಒಪ್ಪಲಾರೆ.

ಏಕೆಂದರೆ ಹಳೆಯ ಸೀರೆಗೆ ಹೊಸ ಬಟ್ಟೆಗಿಂತ ಹೆಚ್ಚು ಗಮನ ಬೇಕು. ಬೆಳಕಿಗೆ ಹಿಡಿದು ನೋಡಿದರೆ ಸೊಂಟಕ್ಕೆ ಸಿಕ್ಕಿಸುವ ಭಾಗ, ನೆರಿಗೆಯ ಕೆಳತುದಿ ಜಾಳಾಗಿರುತ್ತವೆ; ಸೆರಗಿನ ಕಡೆಯ ಬಟ್ಟೆ ಮಾತ್ರ ಇನ್ನೂ ಬಿಗಿಯಾಗಿರುತ್ತದೆ. ಚೀಲದ ಹೊರಮೈಗೆ ಸೆರಗು, ಒಳಪದರಕ್ಕೆ ಮಧ್ಯದ ಬಟ್ಟೆ, ಹಿಡಿಕೆಗೆ ಮಡಚಿದ ಅಂಚು. ತೆಂಗಿನಕಾಯಿಯ ಭಾರವೆಲ್ಲ ಹಿಡಿಕೆಯ ಬುಡದಲ್ಲೇ ಬೀಳುವುದರಿಂದ ಅಲ್ಲಿ ಚೌಕಾಕಾರದ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಇನ್ನೆರಡು ಎಳೆಯಬೇಕು.

ನಿನ್ನೆ ದೊಡ್ಡಮ್ಮನ ಸೊಸೆ ಫೋನ್ ಮಾಡಿ, "ಅತ್ತೆಯ ಸೀರೆಗಳೂ ಇವೆ ಅಕ್ಕ, ಮನೆ ಬಳಕೆಗಾದರೆ ಹೊಲಿಯಬಹುದಂತೆ" ಎಂದಳು. ತಳ ಅಗಲವಾಗಲು ಎರಡೂ ಮೂಲೆಗಳನ್ನು ತ್ರಿಕೋನವಾಗಿ ಹಿಡಿದು ಅಡ್ಡ ಹೊಲಿಗೆ ಹಾಕುವುದನ್ನು ವಿವರಿಸಿದೆ. ಪಾಲಿಯೆಸ್ಟರ್ ಸೀರೆಯನ್ನು ಮಸಿಬಟ್ಟೆಗೆ ಬಳಸಬೇಡ, ಬಿಸಿ ಪಾತ್ರೆಗೆ ಕರಗಿ ಅಂಟೀತು ಎಂದು ಎಚ್ಚರಿಸಿದೆ. ಉಳಿದದ್ದನ್ನು ಎದುರಿಗೇ ಹೇಳಿಕೊಡುತ್ತೇನೆ, ದೊಡ್ಡಮ್ಮನನ್ನೂ ಕರೆದುಕೊಂಡು ಬಾ ಎಂದೆ.