ಬೀಸುವ ಪದಕ್ಕೆ ಕಲ್ಲೂ ಬೇಕು

ಊರ ಜಾನಪದ ಸಂಭ್ರಮಗಳಲ್ಲಿ ಬೀಸುವ ಪದ ಹಾಡುವ ಅಜ್ಜಿಯರನ್ನು ಬರಿಗೈಯಲ್ಲಿ ಮೈಕಿನ ಮುಂದೆ ನಿಲ್ಲಿಸಬೇಡಿ. ಆ ತ್ರಿಪದಿಗಳ ಲಯ ಇರುವುದೇ ಬೀಸುಕಲ್ಲಿನ ಸುತ್ತಿನಲ್ಲಿ. ಕೈ ನಿಂತರೆ ಸಾಲು ಮರೆಯುತ್ತದೆ, ಧಾಟಿ ತಪ್ಪುತ್ತದೆ. ವೇದಿಕೆಗೆ ಬೀಸುಕಲ್ಲು, ಅದರ ಕೆಳಗೆ ಹಾಸಲು ದಪ್ಪ ಗೋಣಿತಾಟು, ಎರಡು ಸೇರು ರಾಗಿ ತರಿಸಿ. ಕಾಳು ಹಾಕದೆ ಬರೀ ಕಲ್ಲು ತಿರುಗಿಸಿದರೆ ಕರಕರ ಸದ್ದೇ ದನಿಯನ್ನು ನುಂಗಿಬಿಡುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರವಿರಲಿ, ಕಲ್ಲಿನ ಕಡೆಗೆ ಬೆನ್ನು ಮಾಡಿರಲಿ.

ಧ್ವನಿಮುದ್ರಣಕ್ಕೆ ಎಂಪಿ3 ಸಾಲದು. ಸದ್ದನ್ನು ಕುಗ್ಗಿಸದೆ ಪೂರ್ತಿ ಉಳಿಸುವ ವೇವ್ ಫೈಲ್ ಬೇಕು; ಮುದ್ರಣಯಂತ್ರವನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಿ. ಹಾಡುವವರ ಹೆಸರು, ಊರು, ಪದ ಕಲಿಸಿದ್ದು ತಾಯಿಯೋ ಅತ್ತೆಯೋ ಎಂಬುದನ್ನು ಅವರ ಬಾಯಿಂದಲೇ ಮೊದಲು ಹೇಳಿಸಿ. ಎಷ್ಟೋ ಹಳೆಯ ಸಂಗ್ರಹಗಳಲ್ಲಿ ಪದ ಉಳಿದಿದೆ, ಹಾಡಿದವಳ ಹೆಸರಿಲ್ಲ. ಅದು ಸಂಕಟದ ಮಾತು.