ಅರಬಿ ಕವಿತೆಯ ನೋವು ಕನ್ನಡದಲ್ಲಿ ಎಲ್ಲೆಲ್ಲಿ ಸೋರಿಹೋಗುತ್ತದೆ

ಯುದ್ಧ, ಗಡೀಪಾರು, ಸಾವುಗಳ ಅರಬಿ ಕವಿತೆಯ ಕನ್ನಡ ಅನುವಾದದ ಕರಡು ತಿದ್ದಲು ಕೂತರೆ ಮೊದಲು ಹೊಡೆದುಹಾಕಬೇಕಾದ್ದು 'ಅಯ್ಯೋ', 'ದಾರುಣ', 'ಕರುಳು ಹಿಂಡುವ' ಎಂಬಂಥ ಮಾತುಗಳನ್ನು. ಬಹುಪಾಲು ಇವು ಮೂಲದಲ್ಲಿ ಇರುವುದಿಲ್ಲ, ಅನುವಾದಕರ ಮನಸ್ಸು ಕಲಕಿ ಸೇರಿಕೊಂಡಿರುತ್ತವೆ. ಬಾಗ್ದಾದಿನಲ್ಲಿ ಹುಟ್ಟಿದ ದುನ್ಯಾ ಮಿಖಾಯಿಲ್ ತಮ್ಮ ಒಂದು ಹೆಸರಾಂತ ಕವಿತೆಯಲ್ಲಿ ಯುದ್ಧವನ್ನು ಚುರುಕಿನ ನೌಕರನಂತೆ ಹೊಗಳುತ್ತಾ ಹೋಗುತ್ತಾರೆ, ಕೊನೆಗೆ ಅದಕ್ಕೊಂದು ಮೆಚ್ಚುಗೆಯ ಮಾತನ್ನೂ ಯಾರೂ ಆಡುವುದಿಲ್ಲ ಎನ್ನುತ್ತಾರೆ. ಅಲ್ಲಿ 'ಕ್ರೂರ' ಎಂಬ ಒಂದು ಪದ ನುಸುಳಿದರೂ ಕವಿತೆ ಕೆಟ್ಟಿತು. ಬಡ್ತಿಗೆ ಶಿಫಾರಸು ಬರೆಯುವ ಕನ್ನಡವೇ ಅದಕ್ಕೆ ಬೇಕು: ಶ್ರದ್ಧೆ, ದಕ್ಷತೆ, ಬಿಡುವಿಲ್ಲದ ದುಡಿಮೆ.

ಇರಾಕಿನ ಬದ್ರ್ ಶಾಕಿರ್ ಅಲ್‌ಸಯ್ಯಾಬರ 'ಮಳೆಯ ಹಾಡು' ಇನ್ನೂ ಕಷ್ಟ. ಇಂದಿನ ಕವಿಗಳ ದುಃಖದ ನುಡಿಗಟ್ಟಿಗೆ ದಾರಿ ಮಾಡಿದ ಕವಿತೆ ಅದು. ಮೊದಲ ಸಾಲಲ್ಲೇ ದ್ವಿವಚನವಿದೆ, ಕನ್ನಡದಲ್ಲಿಲ್ಲ. 'ನಿನ್ನ ಕಣ್ಣುಗಳು ಖರ್ಜೂರದ ತೋಪುಗಳು' ಎಂದರೆ ಗುಂಪಾಗಿಬಿಡುತ್ತದೆ. 'ನಿನ್ನ ಎರಡು ಕಣ್ಣು, ಎರಡು ಖರ್ಜೂರದ ತೋಪು, ಬೆಳಗಿನ ಜಾವ' ಎಂದರೆ ಎದುರಿಗಿರುವ ಮುಖ ಉಳಿಯುತ್ತದೆ. ಆ ಸಾಲಿನ 'ಸಹರ್' ಎಂದರೆ ಸೂರ್ಯೋದಯವಲ್ಲ, ಅದಕ್ಕೂ ಮುಂಚಿನ ಕತ್ತಲು. ಇಂಗ್ಲಿಷ್ ಮೂಲಕ ಬಂದ ಕರಡುಗಳಲ್ಲಿ ಇದು ಬೆಳಗಾಗಿಹೋಗಿರುತ್ತದೆ.

ಮುಂದೆ ಕವಿತೆಯ 'ನಾನು' ಕಡಲನ್ನು 'ಖಲೀಜ್' ಎಂದು ಕರೆದು ಕೂಗುತ್ತಾನೆ: ಮುತ್ತು, ಚಿಪ್ಪು, ಸಾವು ಕೊಡುವವನೇ! ಪ್ರತಿಧ್ವನಿ ಬಿಕ್ಕಿನಂತೆ ಮರಳುತ್ತದೆ: ಚಿಪ್ಪು, ಸಾವು ಕೊಡುವವನೇ! ಮುತ್ತು ಮರಳಿ ಬರಲಿಲ್ಲ. ಅಚ್ಚಿನ ತಪ್ಪೆಂದುಕೊಂಡು ಅದನ್ನು ಮತ್ತೆ ಸೇರಿಸುವವರಿದ್ದಾರೆ. ದಯವಿಟ್ಟು ಸೇರಿಸಬೇಡಿ; ಕವಿತೆಯ ಗಾಯ ಇರುವುದೇ ಆ ಬಿಟ್ಟುಹೋದ ಪದದಲ್ಲಿ. ಕರೆಯನ್ನೂ ಪ್ರತಿಧ್ವನಿಯನ್ನೂ ಪಕ್ಕಪಕ್ಕ ಬರೆದುಕೊಂಡು ಪದ ಎಣಿಸಿ ನೋಡಿ. ಇನ್ನೊಂದು ಎಚ್ಚರ: 'ಖಲೀಜ್' ಪದಕ್ಕೆ 'ಕೊಲ್ಲಿ' ಸರಿಯಾದ ಕನ್ನಡವೇ, ಆದರೆ ಗಟ್ಟಿಯಾಗಿ ಓದಿದಾಗ, ಅದೂ ಸಾವಿನ ಪಕ್ಕದಲ್ಲಿ, 'ಕೊಲ್ಲಿರಿ' ಎಂಬಂತೆ ಕೇಳುತ್ತದೆ. ಪದ್ಯದಲ್ಲಿ ಖಲೀಜ್ ಎಂದೇ ಇಟ್ಟು ಟಿಪ್ಪಣಿಯಲ್ಲಿ ಬಿಡಿಸುವುದು ವಾಸಿ. 'ಮತರ್' (ಮಳೆ) ಎಂದು ಮತ್ತೆ ಮತ್ತೆ ಬರುವ ಪಲ್ಲವಿ ರಕಾರದಲ್ಲಿ ತಟ್ಟನೆ ನಿಲ್ಲುತ್ತದೆ, 'ಮಳೆ' ನಿಲ್ಲುವುದಿಲ್ಲ. ಅದಕ್ಕೇ ಪಲ್ಲವಿಯ ಒಂದೊಂದು 'ಮಳೆ'ಯನ್ನೂ ಬೇರೆ ಬೇರೆ ಸಾಲಿಗೆ ಒಡೆಯಿರಿ. 'ಮಳೆಯೇ' ಎಂದು ಕರೆಯಬೇಡಿ.

ಪ್ಯಾಲೆಸ್ಟೀನಿನ ಕವಿತೆಗಳಲ್ಲಿ ಎಡವುವ ಪದ 'ಶಹೀದ್'. ಒಂದೇ ಧಾತುವಿನಿಂದ ಶಾಹಿದ್ ಎಂದರೆ ಸಾಕ್ಷಿ, ಶಾಹಿದಾ ಎಂದರೆ ಗೋರಿಕಲ್ಲು. ಮನೆಯಲ್ಲಿ ಮಲಗಿದ್ದಾಗ ಬಾಂಬಿಗೆ ಸತ್ತ ಮಗುವನ್ನೂ ಅಲ್ಲಿನ ಜನ ಶಹೀದ್ ಎನ್ನುತ್ತಾರೆ. ನಮ್ಮ 'ಹುತಾತ್ಮ'ದಲ್ಲಿ ತನ್ನನ್ನು ತಾನೇ ಆಹುತಿ ಕೊಟ್ಟ ಅರ್ಥವಿದೆ. ಆ ಮಗು ಏನನ್ನೂ ಕೊಟ್ಟಿರಲಿಲ್ಲ, ಅದರಿಂದ ಕಿತ್ತುಕೊಂಡರು. ಪದವನ್ನು ಹಾಗೇ ಇಟ್ಟು, ಹತ್ತಿರದ ಸಾಲಿನಲ್ಲೇ 'ಸಾಕ್ಷಿ' ಬರುವಂತೆ ನೋಡಿಕೊಳ್ಳಿ.

'ಬೈತ್' ಎಂದರೆ ಮನೆಯೂ ಹೌದು, ಪದ್ಯದ ಸಾಲೂ ಹೌದು. ಮನೆ ಬಿದ್ದ ಸಂಗತಿ ಬಂದಲ್ಲಿ ಈ ಶ್ಲೇಷೆಗೆ ಕನ್ನಡ ಪದ ಸಿಗದು. ಮೂಲದಲ್ಲಿ ಕವಿ ಅದನ್ನು ನಿಜವಾಗಿ ಬಳಸಿದ್ದರೆ ಮಾತ್ರ, 'ಮನೆ' ಪದದ ಬಳಿಯೇ ಸಾಲು ಮುರಿಯಿರಿ.