ಡೊಳ್ಳು, ತಗಡಿನ ಶೆಡ್ಡು, ಮಕ್ಕಳ ಕಿವಿ: ಮೂರನೇ ವಾರ

ಮಳೆ ಬಿಡುತ್ತಿಲ್ಲ. ತೀರ್ಥಹಳ್ಳಿ ಕಡೆ ಜುಲೈ ಅಂದರೆ ಹಾಗೇ. ಮೈದಾನ ಕೆಸರುಗದ್ದೆಯಾಗಿದೆ, ಹಾಗಾಗಿ ಹೈಸ್ಕೂಲಿನ ಡೊಳ್ಳು ಅಭ್ಯಾಸ ಈಗಲೂ ಸೈಕಲ್ ಶೆಡ್ಡಿನಲ್ಲೇ. ಸೋಮವಾರ ಅಭ್ಯಾಸ ಮುಗಿಸಿ ಬಂದ ಒಂಬತ್ತನೇ ಕ್ಲಾಸಿನ ಹುಡುಗ, ಹಾಜರಿ ಕೂಗಿದಾಗ ಎರಡು ಸಲ ಓಗೊಡಲಿಲ್ಲ. ಕೇಳಿದರೆ, "ಕಿವಿಯೊಳಗೆ ಜೀರುಂಡೆ ಕೂತಂಗಾಗಿದೆ ಸಾರ್" ಅಂದ.

ಶಿವಮೊಗ್ಗದ ಗೆಳೆಯನಿಂದ ಸೌಂಡ್ ಮೀಟರ್ ತಂದೆ. (ಮೊಬೈಲ್ ಆ್ಯಪ್ ನಂಬಿ ಮೊದಲ ವಾರ ಹಾಳು ಮಾಡಿದ್ದೆ. ಜೋರು ಸದ್ದಿಗೆ ಅದರ ಮೈಕು ಕೈಕೊಡುತ್ತದೆ.) ತಗಡಿನ ಮೇಲೆ ಬೀಳುವ ಮಳೆಯೊಂದಕ್ಕೇ 79 ಡೆಸಿಬಲ್. ಹನ್ನೆರಡು ಡೊಳ್ಳು ಒಟ್ಟಿಗೆ ಎದ್ದಾಗ ನಡುಸಾಲಿನಲ್ಲಿ 103! ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಬಹುದು ಅಂತ ಕಾರ್ಖಾನೆ ಕೆಲಸಗಾರರಿಗೆ ಅಮೆರಿಕದ ನಿಯೋಶ್ (ಕೆಲಸದ ಜಾಗದ ಆರೋಗ್ಯ, ಸುರಕ್ಷತೆಯ ಸಂಸ್ಥೆ) ಹೇಳುವ ಲೆಕ್ಕವನ್ನು ಬೋರ್ಡಿನ ಮೇಲೆ ಮಕ್ಕಳ ಕೈಲೇ ಬಿಡಿಸಿದೆ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಆಮೇಲೆ ಏರುವ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ. ನಾವು ಬಾರಿಸುತ್ತಿದ್ದದ್ದು 50 ನಿಮಿಷ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಅಂದಾಗ ಹಿಂದಿನ ಬೆಂಚೂ ಸುಮ್ಮನಾಯಿತು.

ಡೊಳ್ಳು ಆರಕ್ಕಿಳಿಸಿದೆವು. ಇಳಿದದ್ದು ಬರೀ 3 ಡೆಸಿಬಲ್, ಮಕ್ಕಳ ಮುಖ ಸಪ್ಪಗಾಯಿತು. ಆದರೆ ಹೊತ್ತು ದುಪ್ಪಟ್ಟು ಸಿಕ್ಕಿತಲ್ಲ! ಈಗ ಎರಡು ತಂಡ, ಕಾಯುವವರು ಶೆಡ್ಡಿನಿಂದ ದೂರ, ಜಗಲಿಯಲ್ಲಿ.

ಅಡಿಕೆ ಗೋಣಿಚೀಲ ಇಳಿಬಿಟ್ಟ ನನ್ನ ಮಹಾ ಐಡಿಯಾ ಮಾತ್ರ ಠುಸ್. ಸೊಂಟಕ್ಕೇ ಕಟ್ಟಿದ ಡೊಳ್ಳಿನ ಸದ್ದನ್ನು ಗೋಡೆಯ ಗೋಣಿ ಎಲ್ಲಿ ತಡೆದೀತು?

ಫೋಮ್ ಇಯರ್‌ಪ್ಲಗ್ಗಿನದು ಬೇರೆ ಕಥೆ. ಎಲ್ಲರೂ ಸೀಸೆಗೆ ಬಿರಡೆ ಜಡಿದಂತೆ ತುರುಕಿದರು. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಬೇಕು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಬೇಕು, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಅದನ್ನೇ ಒಂದು ಪೀರಿಯಡ್ ಮಾಡಿದೆವು. ಆದರೂ ತಂಡದ ಹುಡುಗಿಯೊಬ್ಬಳು, "ತಾಳ ಕೇಳಲ್ಲ ಸಾರ್, ಹೆಜ್ಜೆ ತಪ್ಪುತ್ತೆ" ಅಂತ ಕಿತ್ತಿಟ್ಟಳು. ಅವಳ ಮಾತು ಸುಳ್ಳಲ್ಲ. ಫೋಮ್ ಮೊದಲು ನುಂಗುವುದು ತಾಳದಂಥ ತೆಳುದನಿಯನ್ನೇ.

ಅದಕ್ಕೇ ಹೆಜ್ಜೆಯನ್ನೆಲ್ಲ ಹಳೇ ಟೈರಿನ ಮೇಲೆ ಕೋಲು ಬಡಿದು ಕಲಿಯುವುದು, ಡೊಳ್ಳು ಕಟ್ಟುವುದು ಕೊನೆಯ 10 ನಿಮಿಷ, ಪ್ಲಗ್ ಹಾಕಿಕೊಂಡೇ. ತಾಳದವಳನ್ನು ಎದುರಿಗೆ ನಿಲ್ಲಿಸಿದ್ದೇವೆ, ಕೈ ನೋಡಿ ಹೆಜ್ಜೆ ಹಾಕಲಿ ಅಂತ.

ಇನ್ನೊಂದು ಉಳಿದಿದೆ. ಥಂಡಿಗೆ ಚರ್ಮ ಸಡಿಲಾಗಿ ನಾದ ಏಳುವುದಿಲ್ಲ, ಹುಡುಗರು ಇನ್ನೂ ಜೋರಾಗಿ ಬಡಿಯುತ್ತಾರೆ. ನಾಳೆ ಬಿಸಿಯೂಟದ ಒಲೆ ಆರುವ ಮುಂಚೆ ಡೊಳ್ಳು ಕಾಯಿಸಿಕೊಳ್ಳಲು ಅಡುಗೆಯಕ್ಕನನ್ನು ಕೇಳಬೇಕು.